ಹರಿಗೋಲು

ಜಯನಗರ, ಬನಶಂಕರಿ, ಜೆ.ಪಿ. ನಗರಗಳ ನಿವಾಸಿಗಳಿಗೆ ನದಿಯ ಪರಿಚಯವಾಗುವುದು ನಲ್ಲಿಯ ಮುಖಾಂತರ; ತೊರೆಕಾಡನಹಳ್ಳಿಯಿಂದ ಕೊಳವೆಗಳಲ್ಲಿ ಏರಿಬರುವ ಕಾವೇರಿಯನ್ನು ನಾವು ಕುಡಿಯುತ್ತೇವೆಯೇ ಹೊರತು ದಾಟುವುದಿಲ್ಲ. ಆದುದರಿಂದ ಹರಿಗೋಲೆಂಬ ಶಬ್ದ ಈ ಬಡಾವಣೆಗಳಲ್ಲಿ ಉಳಿದುಕೊಂಡಿರುವುದು ಭಜನಾ ಮಂಡಳಿಗಳ ಕೃಪೆಯಿಂದ. ಪುರಂದರದಾಸರು ಅಂಬಿಗನನ್ನು ಸಂಬೋಧಿಸುವ ಕೀರ್ತನೆಯಲ್ಲಿ ಒಂಬತ್ತು ಛಿದ್ರಗಳ ಹರಿಗೋಲೆಂದರೆ ನವದ್ವಾರಗಳ ಈ ದೇಹವೇ. ಹಾಡುವವರಲ್ಲಿ ಕೆಲವರು ಶಬ್ದದ ಪೂರ್ವಾರ್ಧದಲ್ಲಿ ಸಾಕ್ಷಾತ್ ಶ್ರೀಹರಿಯನ್ನೇ ಕಂಡು ಕೃತಾರ್ಥರಾಗುವುದೂ ಉಂಟು. ಹರಿಯುವ ನೀರಿನ ಹರಿ, ಅಂಬಿಗನ ಕೈಯ ಕೋಲು, ಎರಡೂ ಅಚ್ಚಗನ್ನಡವೆಂದು ಬಿಡಿಸುವುದೇ ನನಗೆ ಒಪ್ಪಿತವಾದ ಮಾರ್ಗವಾದರೂ, ಭಜನೆಯ ನಡುವೆ ಎದ್ದುನಿಂತು ತಿದ್ದುವ ಸಾಹಸವನ್ನು ಯಾರೂ ಮಾಡಬಾರದು.

ವಸ್ತುವಾದರೋ ಅತ್ಯಂತ ಸರಳವಾದುದು: ಸೀಳಿದ ಬಿದಿರನ್ನು ಅಡ್ಡಡ್ಡಲಾಗಿ ಹೆಣೆದು, ಅಂಚನ್ನು ಬಿಗಿದು, ಹೊರಮೈಗೆ ತೊಗಲನ್ನು ಹೊದಿಸಿದ ದುಂಡನೆಯ ಬುಟ್ಟಿ. 1520ರ ಸುಮಾರಿನಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯಸನು, ಹದಿನೈದಿಪ್ಪತ್ತು ಜನರನ್ನು ಹೊತ್ತು ಆನೆಗೊಂದಿಯ ದಡಕ್ಕೆ ದಾಟುತ್ತಿದ್ದ ಇಂಥ ಬುಟ್ಟಿಗಳನ್ನು ವರ್ಣಿಸಿ, ಅವು ನೇರವಾಗಿ ಸಾಗಲಾರದೆ ಸುತ್ತುತ್ತಲೇ ಹೋಗುವುದನ್ನು ಬರೆಯಲು ಮರೆತಿಲ್ಲ. ಸುತ್ತಲಿ, ಏನಂತೆ! ಗೇಣು ನೀರಿನಲ್ಲಿಯೂ ತೇಲುವ, ಬಂಡೆ ತಗುಲಿದರೆ ತುಸು ಬಾಗಿ ಜಾರುವ, ದಡ ಸೇರಿದ ಮೇಲೆ ಬೋರಲು ಮಾಡಿ ಹೊತ್ತೊಯ್ಯಬಹುದಾದ ದೋಣಿ ಬೇರೆ ಯಾವುದಿದೆ? ಬಂಡೆಗಳೇ ತುಂಬಿದ ತುಂಗಭದ್ರೆಯಲ್ಲಿ ಮರದ ದೋಣಿಗೆ ಆಯುಸ್ಸು ಕಡಮೆ.

ಐರ್ಲೆಂಡಿನ ಪಶ್ಚಿಮ ತೀರದವರ ಕರಕ್ ಎಂಬ ದೋಣಿ ಇದರ ದೂರದ ನಂಟ. ಆದರೆ ಅದು ಕಡಲಿನದು, ನೀಳವಾದುದು, ಅಲೆಯನ್ನೇರಲು ಮೂತಿಯನ್ನು ಎತ್ತಿಕೊಂಡಿರತಕ್ಕದ್ದು. ಟಿಮ್ ಸೆವೆರಿನ್ ಎಂಬ ಸಾಹಸಯಾತ್ರಿ 1976-77ರಲ್ಲಿ 49 ಎತ್ತಿನ ತೊಗಲುಗಳನ್ನು ಹೊಲಿದು ಕಟ್ಟಿದ ಅಂಥದೊಂದು ನಾವೆಯಲ್ಲಿ ಅಟ್ಲಾಂಟಿಕನ್ನೇ ದಾಟಿದನು. ಡಬ್ಲಿನ್ನಿನಲ್ಲಿ ಹುಟ್ಟಿದ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯಾದರೋ ದಖ್ಖನಿನ ದಂಡಯಾತ್ರೆಗಳಲ್ಲಿ ಸೈನ್ಯವನ್ನು ಹೊಳೆ ದಾಟಿಸಲು ನಮ್ಮ ತೊಗಲ ಬುಟ್ಟಿಗಳನ್ನೇ ನೆಚ್ಚಿಕೊಂಡನು.

ಐರ್ಲೆಂಡಿನಲ್ಲಿ ತೊಗಲಿನ ಸ್ಥಾನಕ್ಕೆ ಡಾಂಬರು ಬಳಿದ ಕ್ಯಾನ್ವಾಸು ಬಂದಂತೆ ಇಲ್ಲಿ ಗೊಬ್ಬರದ ಚೀಲ, ಪ್ಲಾಸ್ಟಿಕ್ ಹಾಳೆಗಳು ಬಂದುವು. ಇತ್ತೀಚೆಗೆ ಫೈಬರ್ ಕೂಡ. ಹೆಸರು ಕೋಲಿನದಾಗಿದ್ದುದರಿಂದ ತೊಗಲು ಹೋದರೂ ಅದಕ್ಕೆ ಹೋಗಬೇಕಾದ ಕಾರಣವಿರಲಿಲ್ಲ. 2009ರ ಜನವರಿಯಲ್ಲಿ ಆನೆಗೊಂದಿಯ ಬಳಿ ಕಟ್ಟುತ್ತಿದ್ದ ಸೇತುವೆ ಕುಸಿದ ಮೇಲೆ ಹೊಳೆ ದಾಟುವವರಿಗೆ ಹರಿಗೋಲು ತಪ್ಪಲಿಲ್ಲ. ರಾಯಚೂರಿನ ಕಡೆ, ಕೃಷ್ಣೆಯ ನಡುಗಡ್ಡೆಗಳಲ್ಲಿ, ಇದೇ ಶಬ್ದ ಸವೆದು ಅರಗೋಲಾಗಿದೆ. ಸವೆದುದಕ್ಕೆ ನನ್ನ ಆಕ್ಷೇಪಣೆಯಿಲ್ಲ, ಬಳಸಿದ ಶಬ್ದ ಸವೆಯಲೇಬೇಕು.

ತಕರಾರಿರುವುದು ಕಾವೇರೀತೀರದವರ ಬಳಕೆಯನ್ನು ಹಿಡಿದು ಪತ್ರಿಕೆಗಳು ಇದನ್ನೂ ತೆಪ್ಪವೆಂದೇ ಬರೆಯುವುದರ ಬಗ್ಗೆ. ದಿಮ್ಮಿಗಳನ್ನೋ ಬಿದಿರನ್ನೋ ಸಾಲಾಗಿ ಬಿಗಿದ ಚಪ್ಪಟೆಯಾದ ತೇಲುಗ ತೆಪ್ಪ; ಅದರ ಮೇಲೆ ಮಂಟಪ ಕಟ್ಟಿ ದೇವರನ್ನು ಕೂರಿಸಿ ಕಲ್ಯಾಣಿಯಲ್ಲಿ ಮೂರು ಸುತ್ತು ತರುವುದು ತೆಪ್ಪೋತ್ಸವ. ಎರಡೂ ಒಂದೇ ಎನ್ನುವವರು ಉತ್ಸವಮೂರ್ತಿಯನ್ನು ಒಮ್ಮೆ ಹರಿಗೋಲಿನಲ್ಲಿ ಬಿಜಯಂಗೈಸಿ ನೋಡಲಿ. ಸ್ವಾಮಿ ಗಿರಗಿರನೆ ತಿರುಗುತ್ತ, ಅರ್ಧ ಭಕ್ತರಿಗೆ ದರ್ಶನವನ್ನೂ ಅರ್ಧ ಭಕ್ತರಿಗೆ ಬೆನ್ನನ್ನೂ ದಯಪಾಲಿಸಬೇಕಾದೀತು.