ದೇವಕ

ಮರಾಠಿ ಮದುವೆಮನೆಯಲ್ಲಿ ಅಕ್ಷತೆಗಿಂತ ಮೊದಲು ಕಿವಿಗೆ ಬೀಳುವ ಮಾತು ‘ದೇವಕ ಬಸವಣೆ’. ಅಂದರೆ ದೇವಕವನ್ನು ಕೂರಿಸುವುದು. ‘ದೇವ’ ಶಬ್ದಕ್ಕೆ ‘ಕ’ ಪ್ರತ್ಯಯ ಸೇರಿ ಆದ ಈ ಪದಕ್ಕೆ ಮರಾಠಿಯಲ್ಲಿ ಎರಡು ಅರ್ಥಗಳಿವೆ.

ಒಂದು, ಕುಲದ ಗುರುತು. ಮರಾಠಾ ಮನೆತನಗಳಲ್ಲಿ ಇದು ಹೆಚ್ಚಾಗಿ ಮರವೋ ಬಳ್ಳಿಯೋ ಆಗಿರುತ್ತದೆ. ಕೆಲವರಿಗೆ ಕದಂಬ (ಅವರ ಬಾಯಲ್ಲಿ ‘ಕಳಂಬ’), ಹಲವರಿಗೆ ಐದು ಮರಗಳ ಎಲೆ ಸೇರಿದ ‘ಪಂಚಪಲ್ಲವ’. ಒಂದೇ ದೇವಕದವರು ಅಣ್ಣತಮ್ಮಂದಿರಿದ್ದಂತೆ, ಸಂಬಂಧ ಬೆಳೆಸುವಂತಿಲ್ಲ ಎಂಬುದು ಹಳೆಯ ಕಟ್ಟಳೆ. ನಮ್ಮ ‘ಬೆಡಗು’, ‘ಬಳಿ’ಗಳೂ ಇದೇ ಕೆಲಸ ಮಾಡುತ್ತವೆ.

ಎರಡು, ಮದುವೆಗೆಂದು ಪ್ರತಿಷ್ಠಾಪಿಸುವ ದೇವತೆಗಳು. ಗಣಪತಿ ಪೂಜೆ, ಪುಣ್ಯಾಹ, ಮಾತೃಕಾಪೂಜೆ, ನಾಂದಿ ಇವೆಲ್ಲ ಇದರ ಅಂಗಗಳು. ಬ್ರಾಹ್ಮಣರ ಮನೆಗಳಲ್ಲಿ ಮೊರದಲ್ಲಿ ಅಕ್ಕಿ ಹರಡಿ, ಅಡಿಕೆಗಳನ್ನಿಟ್ಟು, ಪಕ್ಕದಲ್ಲಿ ನೂಲು ಸುತ್ತಿದ ಪುಟ್ಟ ಮಣ್ಣಿನ ಕಲಶವನ್ನು ಇಡುತ್ತಾರೆ. ಅದರ ಹೆಸರು ‘ಅವಿಘ್ನ ಕಲಶ’. ನಾಂದಿಯಲ್ಲಿ ಗತಿಸಿದ ಹಿರಿಯರನ್ನೂ ಕರೆಯುವುದು ನನಗೆ ಈ ವಿಧಿಯ ಅತಿ ಆಪ್ತ ಭಾಗ. ಮದುವೆಯ ಆಮಂತ್ರಣ ಅವರಿಗೂ ಸಲ್ಲುತ್ತದೆ.

ನಾಂದಿಯಾದ ಮೇಲೆ ಬಳಗದಲ್ಲಿ ಸಾವಾದರೂ ಮದುವೆಗೆ ಸೂತಕ ತಟ್ಟದು ಎಂದು ಧರ್ಮಶಾಸ್ತ್ರ ಹೇಳುತ್ತದೆ. ಮದುವೆ ಮುಗಿದ ಬಳಿಕ ದೇವಕವನ್ನು ವಿಸರ್ಜಿಸುತ್ತಾರೆ; ಅದು ‘ದೇವಕ ಉಠವಣೆ’. ಬೆಳಗಾವಿ ಕಡೆಯ ಮರಾಠಿ ಮನೆಗಳಲ್ಲೂ ಈ ಪದ ಬಳಕೆಯಲ್ಲಿದೆ.