ಬರೆಯುವವರ ಮನೆಯೊಳಗೆ

ನಮ್ಮ ಕಡೆ ಬರೆಯುವವರೆಂದರೆ ಒಂದೋ ಸಾಲೆಯ ಮಾಸ್ತರರು, ಇಲ್ಲವೇ ಮುಂಬಯಿಗೆ ಹೋದವರು. ಭಟ್ಕಳದಿಂದ ಹೊನ್ನಾವರ ದಾಟಿ ಕುಮಟೆಯವರೆಗೆ ಎಲ್ಲಿ ಕೇಳಿದರೂ ಇಂಥ ಒಬ್ಬಿಬ್ಬರ ಹೆಸರು ಸಿಗುತ್ತದೆ. ಅವರ ಪುಸ್ತಕಗಳ ಬಗ್ಗೆ ಮಾತು ಸಾಕಷ್ಟಾಗಿದೆ. ನನಗೆ ಕುತೂಹಲವಿರುವುದು ಅವರ ದಿನದ ಬಗ್ಗೆ. ಬೆಳಿಗ್ಗೆ ಚಹಾ ಯಾರು ಮಾಡಿಕೊಟ್ಟರು, ಸಂಜೆ ಜಗಲಿಗೆ ಯಾರು ಬಂದು ಕೂತರು, ಪುಸ್ತಕ ಎಲ್ಲಿಂದ ಬಂತು, ಸಂಬಳ ತಿಂಗಳ ಎಷ್ಟನೆಯ ತಾರೀಖಿನವರೆಗೆ ಬಂತು ಎಂಬುದನ್ನೆಲ್ಲ ಸಾಹಿತ್ಯ ಚರಿತ್ರೆ ಬರೆದಿಡುವುದಿಲ್ಲ. ಮನೆ ನಡೆಸಿ, ಸಾಲೆಗೂ ಹೋಗಿ, ರಾತ್ರಿ ಎರಡು ಪುಟ ಓದಲು ಹೆಣಗುವ ನಮ್ಮಂಥವರಿಗೆ ಮೊದಲು ಹೊಳೆಯುವ ಪ್ರಶ್ನೆಯೇ ಅದು.

ಬಹಳ ಹಿಂದೆ ಬರೆಯುವವನನ್ನು ಸಾಕುತ್ತಿದ್ದುದು ಅರಮನೆ, ಬಸದಿ. ಭಟ್ಕಳ ತಾಲೂಕಿನ ಹಾಡುವಳ್ಳಿಗೆ ಆಗ ಸಂಗೀತಪುರವೆಂದು ಹೆಸರು. ಅಲ್ಲಿಯ ಜೈನ ಗುರುಪರಂಪರೆಯ ಭಟ್ಟಾಕಳಂಕದೇವ 1604ರಲ್ಲಿ ಕನ್ನಡಕ್ಕೆ ಸಂಸ್ಕೃತದಲ್ಲಿ ವ್ಯಾಕರಣ ಬರೆದ. ಗೇರುಸೊಪ್ಪೆಯಲ್ಲಿ ಮೆಣಸಿನ ರಾಣಿ ಚೆನ್ನಭೈರಾದೇವಿಯ ಆಳ್ವಿಕೆಯ ಕೊನೆಗಾಲ ಅದು. ಆಮೇಲೆ ಅರಮನೆಯೂ ಹೋಯಿತು, ಬಸದಿಗಳೂ ಪಾಳುಬಿದ್ದವು.

1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ನಮ್ಮ ಬರಹಗಾರರ ಹಣೆಬರಹ ತಿರುಗಿದ್ದೇ ಅಲ್ಲಿಂದ ಎನ್ನಬೇಕು. ಕೋರ್ಟು ಕಚೇರಿಯ ಕೊನೆಯ ಮಾತು ಮುಂಬಯಿಯದು, ಮೆಟ್ರಿಕ್ ಪರೀಕ್ಷೆ ಮುಂಬಯಿಯದು, ಹೊಟ್ಟೆಪಾಡಿನ ದಾರಿಯೂ ಅಲ್ಲಿಗೇ. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಮೇಲೂ ಈ ನಂಟು ಹರಿಯಲಿಲ್ಲ.

ಹಾಗೆ ಹೋದವರಲ್ಲಿ ಹೊನ್ನಾವರದ ಪಕ್ಕದ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು ಹಳಬರು. 1887ರಲ್ಲಿ ಅವರು ‘ಇಗ್ಗಪ್ಪ ಹೆಗಡೆ ವಿವಾಹ ಪ್ರಹಸನ’ವನ್ನು ಅಚ್ಚು ಹಾಕಿಸಿದರು. ಹೊಸಗನ್ನಡದ ಮೊದಲ ಸಾಮಾಜಿಕ ನಾಟಕವೆಂದು ಅದನ್ನು ಗುರುತಿಸುತ್ತಾರೆ. ವಿಷಯ ಕನ್ಯಾವಿಕ್ರಯ, ಅಂದರೆ ಹಣ ತೆಗೆದುಕೊಂಡು ಎಳೆಯ ಹುಡುಗಿಯನ್ನು ಮುದುಕನಿಗೆ ಕೊಡುವುದು. ಹವ್ಯಕರ ಮನೆಮಾತನ್ನೇ ಪಾತ್ರಗಳ ಬಾಯಿಗೆ ಕೊಟ್ಟಿದ್ದಾರೆ. ತಮ್ಮ ಜಾತಿಯ ಅಡಿಗೆಮನೆಯ ಮಾತಿನಲ್ಲೇ ತಮ್ಮ ಜಾತಿಯ ಹುಳುಕನ್ನು ಎತ್ತಿ ಆಡಲು ಎಷ್ಟು ಗುಂಡಿಗೆ ಬೇಕು! ಊರಲ್ಲೇ ಕೂತು ಬರೆದಿದ್ದರೆ ಜಗಲಿಯಲ್ಲಿ ಅವರಿಗೆ ಮಣೆ ಹಾಕುತ್ತಿದ್ದರೋ ಇಲ್ಲವೋ. ದೂರದ ಊರು ಕೆಲವರಿಗೆ ಬರೆಯುವ ಧೈರ್ಯ ಕೊಡುತ್ತದೆ.

ಊರಲ್ಲೇ ಇದ್ದು ಬರೆದವರು ಗೌರೀಶ ಕಾಯ್ಕಿಣಿಯವರು. 1912ರಲ್ಲಿ ಹುಟ್ಟಿ 2002ರವರೆಗೆ, ಹೆಚ್ಚುಕಡಿಮೆ ತೊಂಬತ್ತು ವರ್ಷ ಬಾಳಿದರು. ಬಾಳಿನ ಬಹುಭಾಗ ಕುಮಟಾ ತಾಲೂಕಿನ ಗೋಕರ್ಣದಲ್ಲಿಯೇ ಕಳೆಯಿತು. ಉದ್ಯೋಗ ಪಕ್ಕದ ಬಂಕಿಕೊಡ್ಲದ ಆನಂದಾಶ್ರಮ ಹೈಸ್ಕೂಲಿನಲ್ಲಿ ಮಾಸ್ತರಿಕೆ. ಮನೆಮಾತು ಕೊಂಕಣಿ, ಬರೆದದ್ದು ಮುಖ್ಯವಾಗಿ ಕನ್ನಡದಲ್ಲಿ, ಓದಿದ್ದು ಸಂಸ್ಕೃತ, ಮರಾಠಿ, ಇಂಗ್ಲಿಷಿನಲ್ಲಿಯೂ. ಎಂ. ಎನ್. ರಾಯ್ ಅವರ ನವಮಾನವತಾವಾದವನ್ನು ಒಪ್ಪಿದ ವಿಚಾರವಾದಿ. ಇತ್ತ ಗೋಕರ್ಣವೆಂದರೆ ಮಹಾಬಲೇಶ್ವರ, ಕೋಟಿತೀರ್ಥ, ವೇದಘೋಷ, ಕಾಶಿಯ ಹಾಗೆ ಅಪರಕ್ರಿಯೆಗೆ ಬರುವ ಜನ. ಅಲ್ಲೇ ಎಲ್ಲರ ನಡುವೆ, ಎಲ್ಲರಿಗೂ ಬೇಕಾದ ಮಾಸ್ತರರಾಗಿ ಅವರು ಇದ್ದರೆಂಬುದು ನನಗೆ ಅವರ ಯಾವ ಗ್ರಂಥಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ. ವಾದವನ್ನು ಭಾಷಣದಲ್ಲಿ ಗೆಲ್ಲುವುದು ಸುಲಭ. ದಿನಾ ಮುಖ ನೋಡಬೇಕಾದ ನೆರೆಯವರೊಡನೆ ಭಿನ್ನಾಭಿಪ್ರಾಯ ಇಟ್ಟುಕೊಂಡು ಹಾಲು, ಮೊಸರು, ಮದುವೆ, ಮುಂಜಿ ಎಲ್ಲ ನಡೆಸುವುದು ಬೇರೆಯೇ ವಿದ್ಯೆ.

ಈಗ ಪುಸ್ತಕದ ಮಾತು. ಹೊಳೆಗಳಿಗೆ ಸೇತುವೆಯಿಲ್ಲದ ಕಾಲವನ್ನು ನಮ್ಮ ಹಿರಿಯರು ಇನ್ನೂ ನೆನೆಯುತ್ತಾರೆ. ಹೊನ್ನಾವರದಲ್ಲಿ ಶರಾವತಿಯನ್ನು ದೋಣಿಯಲ್ಲಿ ದಾಟಬೇಕಿತ್ತು, ಮಳೆಗಾಲದಲ್ಲಿ ಸಮುದ್ರದ ದಾರಿ ಮುಚ್ಚುತ್ತಿತ್ತು. ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ. ಅಂಥಲ್ಲಿ ಕೂತು ಒಬ್ಬ ಹೈಸ್ಕೂಲು ಮಾಸ್ತರರು ಯುರೋಪಿನ ಲೇಖಕರನ್ನು ತರಿಸಿ ಓದಿ, ಅವರನ್ನು ಕನ್ನಡದ ಪತ್ರಿಕೆಗಳಲ್ಲಿ ಪರಿಚಯಿಸುತ್ತಿದ್ದರು. ಅಂಕಣ, ವಿಮರ್ಶೆ, ಮುನ್ನುಡಿ ಎಂದು ಬರೆದದ್ದಕ್ಕೆ ಲೆಕ್ಕವಿರಲಿಲ್ಲ. ಅದನ್ನೆಲ್ಲ ಹುಡುಕಿ ಸಮಗ್ರ ಸಂಪುಟಗಳಾಗಿ ಹೊರತಂದವರು ಅಂಕೋಲೆಯ ಅಂಬಾರಕೊಡ್ಲದ ವಿಷ್ಣು ನಾಯ್ಕರು. ನಮ್ಮ ಜಿಲ್ಲೆಯಲ್ಲಿ ಗೆಳೆತನವೆಂದರೆ ಹೀಗೆ, ಒಬ್ಬರು ಬರೆದು ಚೆಲ್ಲಿದ್ದನ್ನು ಇನ್ನೊಬ್ಬರು ಆಯ್ದು ಕಟ್ಟಿಡುವುದು. ಅಂಕೋಲೆಯ ದಿನಕರ ದೇಸಾಯಿಯವರು ಚುಟುಕ ಬರೆದರು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹೈಸ್ಕೂಲುಗಳನ್ನೂ ತೆರೆದರು. ಸಾಲೆಯಿದ್ದರೆ ತಾನೇ ಮಾಸ್ತರರು, ಮಾಸ್ತರರಿದ್ದರೆ ತಾನೇ ಓದುಗರು!

ಅವರ ಪತ್ನಿ ಶಾಂತಾ ಕಾಯ್ಕಿಣಿಯವರು ಸಮಾಜಸೇವೆಯಲ್ಲಿ ತೊಡಗಿದ್ದವರು. ಅವರ ಬಗ್ಗೆ ಇಷ್ಟು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುವುದು ನಮ್ಮಲ್ಲಿ ರೂಢಿ. ಜನ ಬಂದುಹೋಗುವ ಮನೆಯಲ್ಲಿ ಒಲೆ ಎಷ್ಟು ಹೊತ್ತು ಉರಿಯುತ್ತದೆಂದು ನಮಗೆ ಗೊತ್ತಿಲ್ಲದ್ದೇನಲ್ಲ. ಇಂಥ ಮನೆಯಲ್ಲಿ ಬೆಳೆದವರು 1955ರಲ್ಲಿ ಹುಟ್ಟಿದ ಜಯಂತ ಕಾಯ್ಕಿಣಿ. ಹತ್ತೊಂಬತ್ತರ ಹರೆಯದಲ್ಲೇ ಮೊದಲ ಕವನ ಸಂಕಲನಕ್ಕೆ ರಾಜ್ಯ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದರು. ಆಮೇಲೆ ಅವರೂ ಮುಂಬಯಿಗೆ ಹೋದರು. ತಂದೆ ಉಳಿದ ಊರು, ಮಗ ಹೋದ ಊರು ಎರಡೂ ಅವರ ಕತೆಗಳಲ್ಲಿ ಒಟ್ಟಿಗೇ ಉಸಿರಾಡುತ್ತವೆ.

ಬಂಕಿಕೊಡ್ಲಕ್ಕೆ ಅಂಟಿಕೊಂಡೇ ಹನೇಹಳ್ಳಿ. ಅಲ್ಲಿಯ ಚಿತ್ತಾಲ ಸಹೋದರರದು ಇನ್ನೊಂದು ಬಗೆ. ಅಣ್ಣ ಗಂಗಾಧರ ಚಿತ್ತಾಲರು ಕುಮಟೆಯ ಗಿಬ್ ಹೈಸ್ಕೂಲಿನಲ್ಲಿ ಓದಿ ಮೆಟ್ರಿಕ್‌ನಲ್ಲಿ ಮುಂಬಯಿ ಪ್ರಾಂತ್ಯಕ್ಕೇ ಮೊದಲಿಗರಾದವರು. ಕವಿಯಾದರೂ ಹೊಟ್ಟೆಪಾಡಿಗೆ ಕೇಂದ್ರ ಸರಕಾರದ ಲೆಕ್ಕಪತ್ರ ಇಲಾಖೆ. ತಮ್ಮ ಯಶವಂತ ಚಿತ್ತಾಲರು ರಾಸಾಯನಿಕ ತಂತ್ರಜ್ಞಾನ ಕಲಿತು ಮುಂಬಯಿಯ ಕಾರಖಾನೆಯಲ್ಲಿ ಅಧಿಕಾರಿಯಾದರು. ಹಗಲೆಲ್ಲ ಪ್ಲಾಸ್ಟಿಕ್ಕು, ರಾಳಗಳ ವ್ಯವಹಾರ, ಉಳಿದ ಹೊತ್ತಿನಲ್ಲಿ ಹನೇಹಳ್ಳಿ. ಬಾಂದ್ರಾದ ಸಮುದ್ರದೆದುರಿನ ಮನೆಯಲ್ಲಿ ಕೂತು ಅವರು ಬರೆದದ್ದು ನಮ್ಮ ಗದ್ದೆಬಯಲು, ನಮ್ಮ ಬೇಣ, ನಮ್ಮ ಜನರ ಪಿಸುಮಾತು. 1979ರ ‘ಶಿಕಾರಿ’ಯಲ್ಲಿ ಮುಂಬಯಿ ಕಂಪನಿಯ ಕುತಂತ್ರವಿದೆ, ಆದರೆ ಅದರ ನಾಗಪ್ಪನನ್ನು ಅಟ್ಟಿಸಿಕೊಂಡು ಬರುವ ಭೂತಕಾಲ ಈ ಕರಾವಳಿಯದೇ. ‘ಕಥೆಯಾದಳು ಹುಡುಗಿ’ ಸಂಕಲನಕ್ಕೆ 1983ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2014ರಲ್ಲಿ ತೀರಿಕೊಂಡರು.

ನಮ್ಮ ಸ್ಟಾಫ್ ರೂಮಿನಲ್ಲಿ ಕೈಯಿಂದ ಕೈಗೆ ಓಡಾಡಿದ್ದು ಅವರ ‘ಮೂರು ದಾರಿಗಳು’. 1964ರ ಕಾದಂಬರಿ. 1981ರಲ್ಲಿ ಗಿರೀಶ ಕಾಸರವಳ್ಳಿಯವರು ಸಿನಿಮಾ ಮಾಡಿದರು. ಊರಿನ ಬಾಯಿಗೆ ಸಿಕ್ಕ ನಿರ್ಮಲೆ ಎಂಬ ಹುಡುಗಿಯ ಕತೆ. ತ್ರಿವೇಣಿಯವರ ಕಾದಂಬರಿಗಳಲ್ಲೇ ಮುಳುಗಿ ಬೆಳೆದ ನಮಗೆ ಚಿತ್ತಾಲರು ಮೊದಲು ಒಗ್ಗಲಿಲ್ಲ. ಇಬ್ಬರೂ ಹುಟ್ಟಿದ್ದು 1928ರಲ್ಲೇ ಎಂಬುದು ತಮಾಷೆಯೇ. ನಿರ್ಮಲೆ ಮಾತ್ರ ಎಲ್ಲರನ್ನೂ ಹಿಡಿದು ಕೂರಿಸಿದಳು. “ಇವಳು ನಮ್ಮ ಕೇರಿಯವಳೇ ಸೈ” ಎಂದರು ಒಬ್ಬ ಅಕ್ಕೋರು. ಇನ್ನೊಬ್ಬರಿಗೆ ಸಿಟ್ಟು. “ಅದೆಲ್ಲ ಸರಿ ಅಕ್ಕೋರೆ, ಊರಿನವರ ಬಾಯಿ ಮುಚ್ಚಿಸುವ ಒಬ್ಬ ಹೆಂಗಸಾದರೂ ಆ ಪುಸ್ತಕದಲ್ಲಿ ಬೇಡವೇ?” ಅಂದು ಊಟದ ಬೆಲ್ ಆದದ್ದು ಯಾರಿಗೂ ಕೇಳಲಿಲ್ಲ.

ಅವರು ಕೇಳಿದ್ದು ನನ್ನಲ್ಲಿ ಉಳಿಯಿತು. ಇಗ್ಗಪ್ಪ ಹೆಗಡೆಯ ಪ್ರಹಸನದಿಂದ ನಿರ್ಮಲೆಯವರೆಗೆ ನಮ್ಮ ಕಡೆಯ ಗಂಡಸರು ಹೆಣ್ಣುಮಕ್ಕಳ ಸಂಕಟ ಬರೆದರು, ಮನಸ್ಸಿಟ್ಟೇ ಬರೆದರು. ಆ ಹೆಣ್ಣುಮಕ್ಕಳಲ್ಲಿ ಯಾರಿಗಾದರೂ ಒಂದು ಮೇಜು, ಒಂದು ಸಂಬಳ, ಸಂಜೆ ಹರಟಲು ನಾಲ್ಕು ಗೆಳತಿಯರು ಇದ್ದಿದ್ದರೆ ಏನು ಬರೆಯುತ್ತಿದ್ದರು? ಹೊನ್ನಾವರ ತಾಲೂಕಿನ ಕವಲಕ್ಕಿಯಲ್ಲಿ ಎಚ್. ಎಸ್. ಅನುಪಮಾ ಅವರು ರೋಗಿಗಳನ್ನೂ ನೋಡುತ್ತಾರೆ, ಕವಿತೆ, ಲೇಖನ, ಅನುವಾದ ಎಂದು ಪುಸ್ತಕಗಳನ್ನೂ ಬರೆಯುತ್ತಾರೆ. ಕವಿ ಪ್ರಕಾಶನವಂತೂ ಆ ಹಳ್ಳಿಯದೇ. ಮುಂಬಯಿಗೂ ಹೋಗದೆ, ಇನ್ನೊಬ್ಬರ ಅಡಿಗೆಮನೆಯ ನೆರಳಲ್ಲೂ ನಿಲ್ಲದೆ ಬರೆಯುವ ಹೆಂಗಸೊಬ್ಬಳು ನಮ್ಮ ಬಸ್ಸಿನ ದಾರಿಯಲ್ಲೇ ಸಿಗುತ್ತಾಳೆಂದರೆ ಸಣ್ಣ ಮಾತೇ?

ನಮ್ಮ ‘ಮೂರು ದಾರಿಗಳು’ ಪ್ರತಿ ಈಗ ಭಟ್ಕಳಕ್ಕೆ ವರ್ಗವಾಗಿ ಹೋದ ಗೆಳತಿಯ ಬಳಿ ಇದೆ. ಹಿಂದಕ್ಕೆ ಕೊಡಿ ಎಂದು ಫೋನು ಮಾಡಿದರೆ, ಪಕ್ಕದ ಮನೆಯ ಹುಡುಗಿ ಓದುತ್ತಿದ್ದಾಳೆ, ಅವಳ ಅತ್ತಿಗೆಯೂ ಸಾಲಿನಲ್ಲಿ ನಿಂತಿದ್ದಾಳೆ, ಮಳೆಗಾಲ ಮುಗಿಯಲಿ ಎಂದರು.