ಐದು ಬೋಲ್ಟ್ ಕೂತರೆ ಯಾವ ಅಲಾಯ್ ವ್ಹೀಲ್ ಆದರೂ ಪಿಕಪ್‌ಗೆ ಹಾಕಬಹುದೇ?

"ಬೋಲ್ಟ್ ಹೋಲ್ ಸರಿಯಾಗಿ ಕೂತರೆ ಸಾಕು, ಯಾವ ಗಾಡಿಯ ಅಲಾಯ್ ಬೇಕಾದರೂ ಪಿಕಪ್‌ಗೆ ಹಾಕಬಹುದು. ಸ್ಪೇಸರ್ ಹಾಕಿ ಚಕ್ರ ಹೊರಗೆ ತಂದರೆ ಘಾಟಿಯಲ್ಲಿ ಗಾಡಿ ಪಲ್ಟಿಯಾಗುವುದೇ ಇಲ್ಲ." ಅಗಲ ಟೈರಿನ ಜೀಪುಗಳು ಕೆಸರು ಸೀಳಿಕೊಂಡು ಹೋಗುವ ವಿಡಿಯೋಗಳ ಜೊತೆ ಇಂಥ ಮಾತುಗಳು ವಾಟ್ಸಾಪ್‌ನಲ್ಲಿ ಓಡಾಡುತ್ತಲೇ ಇರುತ್ತವೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಜೀಪು ಮತ್ತು ಪಿಕಪ್ ಶೋಕಿಯ ಗಾಡಿಗಳಲ್ಲ. ಕಾಫಿ ಮೂಟೆ, ಗೊಬ್ಬರ, ಮನೆಯವರು, ತೋಟದ ಕೆಲಸಗಾರರು ಎಲ್ಲರೂ ಓಡಾಡುವುದು ಅದರಲ್ಲೇ. ಹಾಗಾಗಿ ಈ ಮಾತು ಎಷ್ಟು ನಿಜ ಎಂದು ನೋಡೋಣ.

ಚುಟುಕಾಗಿ ಹೇಳುವುದಾದರೆ

ಈ ಮಾತು ತಪ್ಪು. ಬೋಲ್ಟ್ ಹೋಲ್ ಕೂರುವುದು ಐದಾರು ಪರೀಕ್ಷೆಗಳಲ್ಲಿ ಮೊದಲನೆಯದು ಮಾತ್ರ. ನಡುವಿನ ತೂತು, ಆಫ್‌ಸೆಟ್, ನಟ್ಟಿನ ಆಕಾರ, ತೂಕ ಹೊರುವ ಶಕ್ತಿ ಇವೂ ಹೊಂದಬೇಕು. ಒಂದು ತಪ್ಪಿದರೂ ಗಾಡಿ ಅಂಗಡಿಯಿಂದ ಚೆನ್ನಾಗಿಯೇ ಹೊರಡಬಹುದು. ತೊಂದರೆ ಕಾಣಿಸುವುದು ಲೋಡು ಹಾಕಿ ಚಾರ್ಮಾಡಿ ಇಳಿಯುವಾಗ.

ಪಿಸಿಡಿ ಎಂದರೇನು?

ಎಲ್ಲ ಬೋಲ್ಟ್‌ಗಳ ನಡುಬಿಂದುವನ್ನು ಸೇರಿಸಿ ಒಂದು ವೃತ್ತ ಎಳೆದರೆ, ಆ ವೃತ್ತದ ವ್ಯಾಸವೇ ಪಿಸಿಡಿ. 1940ರ ದಶಕದ ಕೊನೆಯಲ್ಲಿ ಮಹೀಂದ್ರಾ ಭಾರತದಲ್ಲಿ ಜೋಡಿಸಲು ಶುರು ಮಾಡಿದ ವಿಲ್ಲೀಸ್ ಜೀಪಿನಲ್ಲಿ ಐದು ಬೋಲ್ಟ್, ಐದೂವರೆ ಇಂಚು, ಅಂದರೆ 139.7 ಮಿ.ಮೀ. ಮಾರುತಿ ಜಿಪ್ಸಿಯದೂ ಇದೇ ಅಳತೆ. ಟೊಯೊಟಾ ಇನ್ನೋವಾದಲ್ಲೂ ಐದೇ ಬೋಲ್ಟ್, ಆದರೆ 114.3 ಮಿ.ಮೀ. ಇಸುಜು ಡಿ-ಮ್ಯಾಕ್ಸ್ ಮತ್ತು ಟೊಯೊಟಾ ಹೈಲಕ್ಸ್‌ನಲ್ಲಿ ಮತ್ತೆ 139.7, ಆದರೆ ಆರು ಬೋಲ್ಟ್. ಅಂದರೆ ಬೋಲ್ಟ್ ಎಣಿಸಿದರೆ ಸಾಲದು, ಅಳೆಯಲೇಬೇಕು.

ಅಳೆಯುವುದು ಸುಲಭ. ಆರು ಬೋಲ್ಟ್ ಇದ್ದರೆ ಎದುರುಬದುರಿನ ಎರಡು ಬೋಲ್ಟ್‌ಗಳ ನಡುವಿಂದ ನಡುವಿಗೆ ಅಳೆಯಿರಿ. ಐದು ಬೋಲ್ಟ್ ಇದ್ದರೆ ಪಕ್ಕಪಕ್ಕದ ಎರಡು ಬೋಲ್ಟ್‌ಗಳ ನಡುವಿನ ದೂರವನ್ನು 0.588ರಿಂದ ಭಾಗಿಸಿ. ಜೀಪಿನಲ್ಲಿ ಆ ದೂರ ಸುಮಾರು 82 ಮಿ.ಮೀ. ಬರುತ್ತದೆ.

ಅಳತೆ ಹೊಂದದ ವ್ಹೀಲ್‌ಗೆ ಹೊಸ ತೂತು ಕೊರೆಸುವುದು, ಒಂದೆರಡು ಮಿ.ಮೀ. ವ್ಯತ್ಯಾಸವನ್ನು ನಟ್ಟು ಬಿಗಿದು ಎಳೆದುಕೊಳ್ಳುವುದು ಎರಡೂ ಬೇಡ. ಮೊದಲನೆಯದು ವ್ಹೀಲ್‌ನ ಬಲ ಕುಗ್ಗಿಸುತ್ತದೆ, ಎರಡನೆಯದು ಬೋಲ್ಟನ್ನು ಸದಾ ಬಗ್ಗಿಸುತ್ತಿರುತ್ತದೆ.

ಪಿಸಿಡಿ ಸರಿ ಇದ್ದರೆ ಮುಗಿಯಿತೇ?

ಇಲ್ಲ. ವ್ಹೀಲ್‌ನ ನಡುವಿನ ತೂತು ಹಬ್ಬಿನ ಮೇಲೆ ಕೂರಬೇಕು. ಡಿ-ಮ್ಯಾಕ್ಸ್‌ನ ಈ ಅಳತೆ ಸುಮಾರು 100 ಮಿ.ಮೀ., ಹೈಲಕ್ಸ್‌ನದು ಸುಮಾರು 106. ಎರಡರ ಪಿಸಿಡಿ ಒಂದೇ ಆದರೂ ಡಿ-ಮ್ಯಾಕ್ಸ್ ವ್ಹೀಲ್ ಹೈಲಕ್ಸ್ ಹಬ್ಬಿನೊಳಗೆ ಹೋಗುವುದಿಲ್ಲ. ಹೈಲಕ್ಸ್ ವ್ಹೀಲ್ ಡಿ-ಮ್ಯಾಕ್ಸ್‌ಗೆ ಹೋಗುತ್ತದೆ, ಆದರೆ ಸುತ್ತಲೂ 3 ಮಿ.ಮೀ. ಸಂದು ಉಳಿಯುತ್ತದೆ. ಆಗ ಚಕ್ರವನ್ನು ನಡುವಿಗೆ ನಿಲ್ಲಿಸುವ ಕೆಲಸ ಪೂರ್ತಿ ನಟ್ಟುಗಳ ಮೇಲೆ ಬೀಳುತ್ತದೆ. ಚೂರು ಓರೆ ಕೂತರೂ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ಈ ಸಂದನ್ನು ಸರಿಯಾದ ಅಳತೆಯ ಹಬ್ ರಿಂಗ್ ಹಾಕಿ ತುಂಬಬಹುದು.

ಚಕ್ರ ಹೊರಗೆ ಬಂದರೆ ಪಲ್ಟಿ ಆಗುವುದಿಲ್ಲವೇ?

ಇದು ಅರ್ಧ ಸತ್ಯ. ಎರಡು ಚಕ್ರಗಳ ನಡುವಿನ ಅಗಲ ಹೆಚ್ಚಿದರೆ ಗಾಡಿ ವಾಲುವುದು ಸ್ವಲ್ಪ ಕಡಿಮೆಯಾಗುತ್ತದೆ. ಆದರೆ ಲೋಡಿನ ಎತ್ತರ ಮತ್ತು ತಿರುವಿನಲ್ಲಿನ ವೇಗದ ಮುಂದೆ ಆ ಲಾಭ ಚಿಕ್ಕದು. ಮೂಟೆಗಳನ್ನು ಕ್ಯಾಬಿನ್ ಮೀರಿ ಪೇರಿಸಿದರೆ ಸ್ಪೇಸರ್ ಕಾಪಾಡುವುದಿಲ್ಲ. ಅಗಲದ ಜೊತೆ ಎತ್ತರದ ಟೈರನ್ನೂ ಹಾಕಿದರೆ ಗಾಡಿಯ ಭಾರದ ಕೇಂದ್ರವೂ ಮೇಲೇರುತ್ತದೆ.

ಇದಕ್ಕೆ ತೆರುವ ಬೆಲೆಯನ್ನೂ ನೋಡಿ. ಆಫ್‌ಸೆಟ್ ಎಂದರೆ ವ್ಹೀಲ್‌ನ ನಡುಗೆರೆಯಿಂದ ಅದು ಹಬ್ಬಿಗೆ ತಾಗುವ ಮುಖದವರೆಗಿನ ದೂರ. 6 ಇಂಚು ಅಗಲ, 40 ಮಿ.ಮೀ. ಆಫ್‌ಸೆಟ್‌ನ ವ್ಹೀಲ್ ತೆಗೆದು 8 ಇಂಚು ಅಗಲ, ಸೊನ್ನೆ ಆಫ್‌ಸೆಟ್‌ನದು ಹಾಕಿದಿರಿ ಎಂದುಕೊಳ್ಳಿ. ವ್ಹೀಲ್‌ನ ಹೊರ ಅಂಚು ಸುಮಾರು 65 ಮಿ.ಮೀ., ಅಂದರೆ ಎರಡೂವರೆ ಇಂಚು ಹೊರಗೆ ಬರುತ್ತದೆ. ಉದ್ದ ಹಿಡಿಯ ಪಾನಾದಿಂದ ನಟ್ಟು ಸುಲಭವಾಗಿ ತಿರುಗುತ್ತದಲ್ಲ, ಅದೇ ಲೆಕ್ಕ ಇಲ್ಲಿ ಉಲ್ಟಾ ಕೆಲಸ ಮಾಡುತ್ತದೆ: ಗುಂಡಿಯ ಪ್ರತಿ ಹೊಡೆತವೂ ಬೇರಿಂಗ್, ಬಾಲ್ ಜಾಯಿಂಟ್, ಸ್ಟೀರಿಂಗ್ ರಾಡ್‌ಗಳ ಮೇಲೆ ಹೆಚ್ಚು ಬಲದಿಂದ ಬೀಳುತ್ತದೆ. ಒಂದು ಚಕ್ರ ಕಲ್ಲಿಗೆ ತಾಗಿದರೆ ಸ್ಟೀರಿಂಗ್ ಕೈಯಿಂದ ಎಳೆದಂತಾಗುತ್ತದೆ. ಮಡ್‌ಗಾರ್ಡ್ ಮೀರಿದ ಟೈರು ಹಿಂದೆ ಬರುವವರಿಗೆ ಕೆಸರು, ಕಲ್ಲು ಎರಚುತ್ತದೆ.

ನಟ್ಟು ಎಲ್ಲಾ ಒಂದೇ ಅಲ್ಲವೇ?

ಇಲ್ಲ, ಹೆಚ್ಚು ಜನ ಎಡವುವುದು ಇಲ್ಲೇ. ಕೆಲವು ವ್ಹೀಲ್‌ಗಳಿಗೆ ಕೋನ್ ಆಕಾರದ ನಟ್ಟು, ಕೆಲವಕ್ಕೆ ಗುಂಡನೆಯ ತಳದ್ದು, ಇನ್ನು ಕೆಲವಕ್ಕೆ ವಾಷರ್ ಇರುವ ಚಪ್ಪಟೆ ತಳದ್ದು ಬೇಕು. ಕೋನ್ ನಟ್ಟನ್ನು ಚಪ್ಪಟೆ ಜಾಗಕ್ಕೆ ಬಿಗಿದರೆ ಒಂದು ತೆಳು ಅಂಚು ಮಾತ್ರ ತಾಗುತ್ತದೆ. ಬಿಗಿಯಾದಂತೆ ಅನಿಸಿದರೂ ಕ್ರಮೇಣ ಸಡಿಲವಾಗುತ್ತದೆ.

ಚಕ್ರವನ್ನು ಹಿಡಿದಿಡುವುದು ಬರೀ ಬೋಲ್ಟ್ ಅಲ್ಲ. ಬೋಲ್ಟ್ ವ್ಹೀಲನ್ನು ಹಬ್ಬಿಗೆ ಒತ್ತುತ್ತದೆ, ಆ ಒತ್ತಡದಿಂದ ಹುಟ್ಟುವ ಘರ್ಷಣೆ ಚಕ್ರವನ್ನು ಜಾರದಂತೆ ಹಿಡಿಯುತ್ತದೆ. ಹಬ್ಬಿನ ಮುಖದಲ್ಲಿ ಒಣಗಿದ ಕೆಮ್ಮಣ್ಣು, ತುಕ್ಕು, ದಪ್ಪ ಪೇಂಟ್ ಇದ್ದರೆ ಓಡಾಟದಲ್ಲಿ ಅದು ಪುಡಿಯಾಗಿ ಒತ್ತಡ ಕಡಿಮೆಯಾಗುತ್ತದೆ. ಆಗ ಚಕ್ರ ಅಲುಗಿ, ಬೋಲ್ಟ್ ತುಂಡಾಗುವ ಅಪಾಯವಿದೆ. ಮಳೆಗಾಲದ ಮಲೆನಾಡಿನಲ್ಲಿ ವೈರ್ ಬ್ರಷ್ಷಿನಿಂದ ಹಬ್ಬು ಉಜ್ಜುವುದು ಬಿಡಬಾರದ ಕೆಲಸ.

ನಟ್ಟು ಎಷ್ಟು ಸುತ್ತು ಹಿಡಿಯುತ್ತದೆ ಎಂದೂ ಎಣಿಸಿ. ಹಿಡಿಯುವ ಉದ್ದ ಕನಿಷ್ಠ ಬೋಲ್ಟಿನ ದಪ್ಪದಷ್ಟಾದರೂ ಇರಬೇಕು. 12 ಮಿ.ಮೀ. ಬೋಲ್ಟ್, 1.5 ಮಿ.ಮೀ. ಥ್ರೆಡ್ ಆದರೆ 8 ಸುತ್ತು. ಬೋಲ್ಟ್ ಮೇಲೆ ತೂರಿಸಿ ಕೂರಿಸುವ ಸಾದಾ ಸ್ಪೇಸರ್ ಈ ಸುತ್ತುಗಳನ್ನೇ ನುಂಗುತ್ತದೆ. ಹಳೆಯ ವಿಲ್ಲೀಸ್ ಮಾದರಿ ಜೀಪುಗಳ ಎಡಗಡೆ ಚಕ್ರಗಳಲ್ಲಿ ಎಡ ಥ್ರೆಡ್ ಇರುತ್ತದೆ ಎಂಬುದೂ ನೆನಪಿರಲಿ. ಗೊತ್ತಿಲ್ಲದೆ ಬಿಚ್ಚಲು ಹೋಗಿ ಬೋಲ್ಟ್ ಮುರಿಯಬೇಡಿ.

ಅಲಾಯ್ ಎಂದರೆ ಸ್ಟೀಲ್‌ಗಿಂತ ಗಟ್ಟಿಯೇ?

ಹಾಗೆಂದು ಹೇಳಲಾಗದು. ಜೋರು ಪೆಟ್ಟು ಬಿದ್ದರೆ ಸ್ಟೀಲ್ ಡಿಸ್ಕ್ ಸಾಮಾನ್ಯವಾಗಿ ಬಗ್ಗುತ್ತದೆ, ಅಲಾಯ್ ಬಿರುಕು ಬಿಡಬಹುದು. ಮುಖ್ಯವಾದದ್ದು ವ್ಹೀಲ್ ಎಷ್ಟು ತೂಕಕ್ಕೆ ತಯಾರಾಗಿದೆ ಎಂಬುದು. 50 ಕೆ.ಜಿ.ಯ 30 ಮೂಟೆ ಹಾಕಿದರೆ 1,500 ಕೆ.ಜಿ. ಆಯಿತು. ಗಾಡಿಯ ತೂಕವೂ ಸೇರಿ ಹಿಂದಿನ ಆಕ್ಸಲ್ ಮೇಲೆ 2,000 ಕೆ.ಜಿ. ಬಿದ್ದರೆ ಒಂದೊಂದು ಚಕ್ರಕ್ಕೆ 1,000 ಕೆ.ಜಿ. ತಿರುವಿನಲ್ಲಿ ಹೊರಗಿನ ಚಕ್ರಕ್ಕೆ ಇನ್ನೂ ಹೆಚ್ಚು. 690 ಕೆ.ಜಿ. ಎಂದು ಒತ್ತಿರುವ ಕಾರಿನ ಅಲಾಯ್ ಇದನ್ನು ಹೊರಲಾರದು.

ಟೈರಿನ ಮೇಲೂ ಲೋಡ್ ಇಂಡೆಕ್ಸ್ ನೋಡಿ: 100 ಎಂದರೆ 800 ಕೆ.ಜಿ., 105 ಎಂದರೆ 925, 109 ಎಂದರೆ 1,030. 215/75 ಆರ್15 ಟೈರಿನ ಬದಲು 235/75 ಆರ್15 ಹಾಕಿದರೆ ಎತ್ತರ 30 ಮಿ.ಮೀ. ಹೆಚ್ಚುತ್ತದೆ. ಮೊದಲು 60 ಕಿ.ಮೀ. ವೇಗವಿದ್ದಲ್ಲಿ ಈಗ ಮೀಟರ್ ಅಷ್ಟೇ ತೋರಿಸಿದರೂ ಗಾಡಿ ಓಡುವುದು ಸುಮಾರು 62.6ರಲ್ಲಿ. ಏರಿನಲ್ಲಿ ಎಳೆತವೂ, ಇಳಿಜಾರಿನಲ್ಲಿ ಬ್ರೇಕಿನ ಹಿಡಿತವೂ ಅಷ್ಟರಮಟ್ಟಿಗೆ ತಗ್ಗುತ್ತವೆ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ಗಾಡಿಯನ್ನು ಬದಲಿಸುವಂತಿಲ್ಲ. ಜನವರಿ 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ 182ಎ ಕಲಂನಲ್ಲಿ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಇವೆ. ವಿಮೆ ಕಂಪನಿಗೆ ತಿಳಿಸದೆ ಮಾಡಿದ ಬದಲಾವಣೆ ಕ್ಲೇಮ್ ಹೊತ್ತಿಗೆ ತಕರಾರಾಗಬಹುದು. ನಿಮ್ಮದೇ ಮಾಡೆಲ್‌ಗೆ ಕಂಪನಿ ಕೊಡುವ ಅಳತೆಯೇ ಸುರಕ್ಷಿತ. ವ್ಹೀಲ್ ಮೇಲೆ ಐಎಸ್‌ಐ ಗುರುತಿದೆಯೇ ಎಂದೂ ನೋಡಿ.

ಹಾಕಿಸುವಾಗ ಇಷ್ಟು ನೋಡಿ

- ಹಳೆಯ ವ್ಹೀಲ್ ಬಿಚ್ಚಿ ಪಿಸಿಡಿ, ನಡುವಿನ ತೂತು, ಆಫ್‌ಸೆಟ್ ಬರೆದಿಟ್ಟುಕೊಳ್ಳಿ. ಹೊಸ ವ್ಹೀಲ್‌ನ ಒಳಗಡೆ ಒತ್ತಿರುವ ಅಂಕಿಗಳ ಜೊತೆ ಹೋಲಿಸಿ.
- ನಟ್ಟನ್ನು ಮೊದಲು ಕೈಯಿಂದ ಹಾಕಿಸಿ. ನಂತರ ಎದುರುಬದುರು ಕ್ರಮದಲ್ಲಿ, ಟಾರ್ಕ್ ಪಾನಾದಿಂದ, ಕೈಪಿಡಿಯಲ್ಲಿರುವಷ್ಟೇ ಬಿಗಿಸಿ. ಪಾನಾ ಮೇಲೆ ನಿಂತು ಕುಣಿಯುವುದು ಬೇಡ.
- ಥ್ರೆಡ್‌ಗೆ ಆಯಿಲ್, ಗ್ರೀಸ್ ಹಚ್ಚಬೇಡಿ. ಅಷ್ಟೇ ಬಲಕ್ಕೆ ಬೋಲ್ಟ್ ಹೆಚ್ಚು ಎಳೆದುಕೊಳ್ಳುತ್ತದೆ.
- ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಲೋಡು ಹಾಕಿಯೂ ಟೈರು ಎಲ್ಲಿಯಾದರೂ ಉಜ್ಜುತ್ತದೆಯೇ ನೋಡಿ.
- 50ರಿಂದ 100 ಕಿ.ಮೀ. ಓಡಿಸಿದ ಮೇಲೆ ನಟ್ಟು ಮತ್ತೆ ಪರೀಕ್ಷಿಸಿ.
- ಸ್ಟೆಪ್ನಿ ಸ್ಟೀಲ್ ಡಿಸ್ಕ್ ಆಗಿದ್ದರೆ ಅದಕ್ಕೆ ಹೊಂದುವ ಹಳೆಯ ನಟ್ಟುಗಳು ಗಾಡಿಯಲ್ಲೇ ಇರಲಿ. ಕೊಟ್ಟಿಗೆಹಾರ ದಾಟಿದ ಮೇಲೆ, ಮಳೆ ರಾತ್ರಿಯಲ್ಲಿ, ಸ್ಟೆಪ್ನಿ ಇದ್ದೂ ನಟ್ಟು ಹೊಂದದಿದ್ದರೆ ಏನು ಮಾಡುತ್ತೀರಿ?

ಕೊನೆಯದಾಗಿ

ಹೊಸ ವ್ಹೀಲ್ ಹಾಕಿಸಬಾರದು ಎಂದೇನೂ ಅಲ್ಲ. ಅಳತೆ, ತೂಕ, ನಟ್ಟು, ಕಾನೂನು ಎಲ್ಲ ಹೊಂದಿದರೆ ಧಾರಾಳವಾಗಿ ಹಾಕಿಸಬಹುದು. ಆದರೆ "ಬೋಲ್ಟ್ ಕೂತರೆ ಸಾಕು" ಎಂಬ ಮೆಸೇಜ್ ಬಂದರೆ ಮುಂದೆ ಕಳಿಸಬೇಡಿ. ಗಾಡಿಯ ಹಿಂದೆ ಕೂತು ಕೆಲಸಕ್ಕೆ ಹೋಗುವವರು ಚಕ್ರ ಆರಿಸಿರುವುದಿಲ್ಲ. ಅವರ ಜೀವ ನಾವು ಬಿಗಿದ ನಟ್ಟುಗಳ ಮೇಲಿರುತ್ತದೆ.